ಪರ್ಮಿಟ್ಟಿಲ್ಲದ ಡಿಸ್ಕು

ಇಳಕಲ್ಲಿನ ಅಮೀನಪ್ಪನಿಗೆ ಬೀಡಿಯ ಚಟವಿರಲಿಲ್ಲ, ಎಲೆ ಅಡಿಕೆಯ ಚಟವಿರಲಿಲ್ಲ, ಇಸ್ಪೀಟಿನ ಎಲೆಯನ್ನು ಅವನು ಕೈಯಲ್ಲಿ ಹಿಡಿದವನೇ ಅಲ್ಲ. ಅವನಿಗಿದ್ದದ್ದು ಮಾತಿನ ಚಟ. ಮನೆಯ ಮುಂದಿನ ಕೋಣೆಯಲ್ಲಿ ಬಿಳಿ ಗಾದಿ ಹಾಸಿ ಸೀರೆ ಅಂಗಡಿ ಇಟ್ಟುಕೊಂಡಿದ್ದ. ಗಿರಾಕಿ ಬಂದು ಕೂತರೆ ಮೊದಲು ನೀರು, ಆಮೇಲೆ ಚಹಾ, ಆಮೇಲೆ ಮಾತು. ಕೊನೆಗೆ ಒಂದು ಸೀರೆಯನ್ನು ಮೊಣಕಾಲ ಮೇಲೆ ಹರವಿ, ಸೆರಗಿನ ಮೇಲೆ ಅಂಗೈ ಆಡಿಸುತ್ತ, "ಇದು ನಾ ಖುದ್ದ ಕುಂತು ನೇಯ್ದದ್ದು ನೋಡ್ರಿ" ಅನ್ನುತ್ತಿದ್ದ. ಆ ಮಾತಿಗೆ ಎಂಥ ಗಿರಾಕಿಯೂ ಕರಗುತ್ತಿದ್ದ.

ಅಮೀನಪ್ಪನಿಗೆ ನೇಯಲು ಬರುತ್ತಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದವಳು ಅವನ ಹೆಂಡತಿ ಯಮನವ್ವ. ಮದುವೆಯಾಗಿ ಹೋದ ಮಗಳು ಸುಮಾಳನ್ನು ಬಿಟ್ಟರೆ ಈ ಸಂಗತಿ ಗೊತ್ತಿದ್ದವರು ಮೂವರು. ಅವನ ಅಪ್ಪ, ಅವರು ತೀರಿಹೋಗಿದ್ದರು. ಯಮನವ್ವ, ಅವಳು ಮಿತಭಾಷಿ. ಇನ್ನೊಬ್ಬಳು ಗುಲಾಬಬಿ. ಹಿಂದಿನ ಓಣಿಯಿಂದ ದಿನಾ ಬಂದು ಯಮನವ್ವನಿಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದ ಗೆಳತಿ. ಉಳಿದ ಓಣಿ ಅಮೀನಪ್ಪನ ಮಾತನ್ನೇ ನಂಬಿತ್ತು. ವಯಸ್ಸಾಯಿತು, ಈಗ ಮಗ್ಗ ಬಿಟ್ಟಿದ್ದಾನೆ ಎಂದು ತಿಳಿದಿತ್ತು.

ಒಂದು ವರ್ಷ ದೀಪಾವಳಿ ಮುಗಿದು ಚಳಿ ಬೀಳುವ ಹೊತ್ತಿಗೆ ಜರ್ಮನಿಯಿಂದ ಸಿನಿಮಾ ತೆಗೆಯುವವರು ಬಂದರು. ಕೈಮಗ್ಗದ ಬಗ್ಗೆ ಅವರ ದೇಶದ ಟೀವಿಗೆ ಒಂದು ಚಿತ್ರ ಮಾಡುತ್ತಿದ್ದರಂತೆ. ಮುಖ್ಯಸ್ಥೆಯ ಹೆಸರು ಉಲ್ರಿಕೆ. ಓಣಿಯವರು ಮೊದಲ ದಿನವೇ ಅವಳನ್ನು ಉಲ್ಲವ್ವ ಮಾಡಿಕೊಂಡರು. ಮಾತು ತಿಳಿಸಲು ಧಾರವಾಡದ ಹುಡುಗಿಯೊಬ್ಬಳು ಜೊತೆಗಿದ್ದಳು. ಅಮೀನಪ್ಪ ರೇಷ್ಮೆ ರುಮಾಲು ಸುತ್ತಿಕೊಂಡು ಕ್ಯಾಮೆರಾ ಹೋದಲ್ಲೆಲ್ಲ ಹೋದ. ನೀವೊಮ್ಮೆ ಮಗ್ಗಕ್ಕೆ ಕೂಡಿ ಎಂದು ಉಲ್ಲವ್ವ ಕೇಳಿದ ದಿನ ಅವನ ಸೊಂಟ ಹಿಡಿಯಿತು. ಅಲ್ಲಿಂದ ಅವರು ಇರುವ ತನಕ ಸೊಂಟಕ್ಕೆ ಶಾಲು ಬಿಗಿದುಕೊಂಡೇ ಓಡಾಡಿದ.

ಕೊನೆಯ ದಿನ ಅವರಿಗೆ ಯಮನವ್ವನೊಬ್ಬಳ ಮಾತು ಬೇಕಿತ್ತು. ಆದರೆ ಅವಳ ಪ್ರತಿ ಮಾತಿನ ಹಿಂದೆ ಅಮೀನಪ್ಪನ ಮಾತು ಕೇಳಿಬರುತ್ತಿತ್ತು. ಧಾರವಾಡದ ಹುಡುಗಿ ಉಪಾಯ ಮಾಡಿದಳು. ಜರ್ಮನಿಗೆ ಒಯ್ಯಲು ಒಳ್ಳೆಯ ಕರದಂಟು ಬೇಕು, ಅದನ್ನು ಆರಿಸಲು ತಿಳಿದವರೇ ಹೋಗಬೇಕು ಎಂದು ಹೇಳಿ ಅವನನ್ನು ಜೀಪಿನಲ್ಲಿ ಅಮೀನಗಡಕ್ಕೆ ಕಳಿಸಿದಳು. ಅವನು ಖುಷಿಯಿಂದಲೇ ಹೋದ. ಜೀಪಿನ ಸಪ್ಪಳ ಅಡಗಿದ ಮೇಲೆ ಉಲ್ಲವ್ವ ಕೇಳಿದ ಮೊದಲ ಪ್ರಶ್ನೆ, ನಿಮ್ಮ ಗಂಡ ನೇಯುವುದನ್ನು ನಾವು ನೋಡಲೇ ಇಲ್ಲವಲ್ಲ ಎಂಬುದು.

ಯಮನವ್ವ ಹೇಳಿಬಿಟ್ಟಳು. ಯಾಕೆ ಹೇಳಿದಳೋ ಅವಳಿಗೂ ತಿಳಿಯಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳನ್ನು ಕೂರಿಸಿಕೊಂಡು ಯಾರೂ ಏನನ್ನೂ ಕೇಳಿರಲಿಲ್ಲ, ಅದಕ್ಕಿರಬೇಕು. ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದ ಗುಲಾಬಬಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಜರ್ಮನಿ ಎಲ್ಲಿ, ಇಳಕಲ್ಲು ಎಲ್ಲಿ, ಅಲ್ಲಿ ಯಾರಾದರೂ ನೋಡಿದರೆ ನೋಡಿಕೊಳ್ಳಲಿ ಎಂದು ಇಬ್ಬರೂ ಮರೆತರು.

ಮುಂದಿನ ಮಳೆಗಾಲದಲ್ಲಿ ಪಾರ್ಸಲ್ ಬಂತು. ಒಳಗೆ ತೆಳ್ಳನೆಯ ನೀಲಿ ಡಬ್ಬಿ. ಡಬ್ಬಿಯ ಮೇಲೆ ಲಾಳಿ ಹಿಡಿದ ಯಮನವ್ವನ ಚಿತ್ರ, ಒಳಗೊಂದು ಮಿರಮಿರ ಮಿಂಚುವ ಡಿಸ್ಕು. ಅಮೀನಪ್ಪ ಆ ಡಬ್ಬಿ ಹಿಡಿದುಕೊಂಡು ಚಹಾದಂಗಡಿಗೆ ಹೋದ, ಬ್ಯಾಂಕಿಗೆ ಹೋದ, ಕೆಲಸವಿಲ್ಲದಿದ್ದರೂ ಬಸ್ ಸ್ಟ್ಯಾಂಡಿಗೆ ಹೋದ. ಬರುವ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಜರ್ಮನಿಯ ಸಿನಿಮಾ, ಎಲ್ಲರೂ ಬರಬೇಕು ಎಂದು ಕರೆದ. ಹಿಂದಿನ ವರ್ಷವಷ್ಟೇ ಅವನು ಗೋಡೆಗೆ ತೂಗುಹಾಕುವ ಚಪ್ಪಟೆ ಟೀವಿ ತಂದಿದ್ದ. ಓಣಿಯಲ್ಲಿ ಅಷ್ಟು ದೊಡ್ಡದು ಮತ್ತೊಂದಿರಲಿಲ್ಲ.

ಡಬ್ಬಿಯ ಮೇಲೆ ತನ್ನ ಚಿತ್ರ ಕಂಡ ಕೂಡಲೇ ಯಮನವ್ವನಿಗೆ ತಾನು ಆಡಿದ ಮಾತು ನೆನಪಾಯಿತು. ಭಾನುವಾರ ಅಡಿಗೆಮನೆಯ ಬಾಗಿಲಲ್ಲಿ ನಿಂತು ಬೆವರಿದಳು. ಜನ ತುಂಬಿದರು. ಎದುರು ಮನೆಯ ಹನಮವ್ವ, ಓಣಿಗೆಲ್ಲ ಹಿರಿಯಳು, ದೊಡ್ಡ ದೇಹದವಳು, ತನ್ನ ಕೂಡುವ ಮಣೆ ತಾನೇ ಹಿಡಿದು ಬಂದು ಟೀವಿಯ ಮುಂದೆ ಊರಿದಳು. ಅಮೀನಪ್ಪ ಪುಟ್ಟ ಭಾಷಣ ಮಾಡಿ ಡಿಸ್ಕನ್ನು ಡಿವಿಡಿ ಪ್ಲೇಯರಿಗೆ ಹಾಕಿದ. ಪ್ಲೇಯರು ಗರಗರ ಅಂದಿತು, ಕೆಮ್ಮಿತು, ಡಿಸ್ಕಿಲ್ಲ ಎಂದು ಟೀವಿಯ ಮೇಲೆ ಬರೆಯಿತು. ತೆಗೆದು ಊದಿದ. ಧೋತರಕ್ಕೆ ಒರೆಸಿದ. ತಿರುವಿ ಹಾಕಿದ. ಡಿಸ್ಕಿಲ್ಲ, ಡಿಸ್ಕಿಲ್ಲ, ಡಿಸ್ಕಿಲ್ಲ. ಹಾಕಿದ್ದು ಎದುರಿಗೇ ಇರುವಾಗ ಇಲ್ಲ ಎನ್ನುವ ಯಂತ್ರವನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಕಡೆಗೆ ಹನಮವ್ವ, ಜರ್ಮನಿಯವರು ಖಾಲಿ ಡಿಸ್ಕು ಕಳಿಸಿದ್ದಾರೆ ಎಂದು ತೀರ್ಪು ಕೊಟ್ಟು ಮಣೆ ಎತ್ತಿದಳು. ಯಮನವ್ವ ಎಲ್ಲರನ್ನೂ ತಡೆದು ಕೂರಿಸಿ ಒಗ್ಗರಣೆ ಅವಲಕ್ಕಿ ಹಂಚಿದಳು. ಅಷ್ಟು ಉಮೇದಿನಿಂದ ಅವಳು ಅವಲಕ್ಕಿ ಹಂಚಿದ್ದನ್ನು ಯಾರೂ ಕಂಡಿರಲಿಲ್ಲ.

ಮರುದಿನ ಅಮೀನಪ್ಪ ಅಳಿಯನಿಗೆ ಫೋನು ಮಾಡಿದ. ಅಳಿಯ ಶ್ರೀಧರ ಬಾಗಲಕೋಟೆಯ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವನು. ನವನಗರದಲ್ಲಿ ಮನೆ. ಒಳ್ಳೆಯ ಮನುಷ್ಯ, ಓದಿಕೊಂಡವನು. ಅವನ ದೋಷವೆಂದರೆ ಏನು ಕೇಳಿದರೂ ಬೇರಿನಿಂದ ಶುರು ಮಾಡುತ್ತಿದ್ದ. ಮಳೆ ಬರುತ್ತದೋ ಇಲ್ಲವೋ ಎಂದು ಕೇಳಿದರೆ ಸಮುದ್ರದಿಂದ ಹೊರಡುತ್ತಿದ್ದ. ಹೆಂಡತಿ ಸುಮಾಳನ್ನು ಕರೆದುಕೊಂಡು ಮುಂದಿನ ಭಾನುವಾರ ಬಂದ, ಡಬ್ಬಿ ನೋಡಿದ, ಕಣ್ಣರಳಿಸಿದ. ಇದು ಡಿವಿಡಿ ಅಲ್ಲ ಮಾವ, ಬ್ಲೂ-ರೇ ಎಂದ.

ಆಮೇಲೆ ಬೆಳಕಿನಿಂದ ಶುರುವಾಯಿತು. ಡಿಸ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗುಗಳಿರುತ್ತವೆ. ಪ್ಲೇಯರು ಅವನ್ನು ಬೆಳಕಿನಿಂದ ಮುಟ್ಟಿ ಓದುತ್ತದೆ. ಡಿವಿಡಿಯದು ಕೆಂಪು ಬೆಳಕು, ಅದರ ಮೊನೆ ದಪ್ಪ. ಇದಕ್ಕೆ ಬೇಕಾದ್ದು ನೀಲಿ ಬೆಳಕು, ಅದರ ಮೊನೆ ಸಣ್ಣದು. ಮೊನೆ ಸಣ್ಣದಾದಷ್ಟೂ ತಗ್ಗುಗಳನ್ನು ಒತ್ತೊತ್ತಾಗಿ ತುಂಬಬಹುದು, ಒತ್ತಾಗಿ ತುಂಬಿದಷ್ಟೂ ಚಿತ್ರ ನಿಚ್ಚಳ. ಅಮೀನಪ್ಪ ಎಲ್ಲಕ್ಕೂ ಹೂಂ ಹೂಂ ಅನ್ನುತ್ತಿದ್ದ, ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲಿತ್ತು. ಬಾಗಿಲ ಹಿಂದೆ ನಿಂತಿದ್ದ ಯಮನವ್ವ ಕೇಳಿದಳು:

"ಅಂದ್ರ ನಮ್ಮನಿ ಪ್ಲೇಯರಿನ ಸೂಜಿ ದಪ್ಪ. ಈ ಎಳಿ ಅದಕ್ಕ ಸಿಗೂದಿಲ್ಲ. ಹೌದಿಲ್ಲೊ?"

ಹೌದು ಅತ್ತಿ, ಬರೋಬ್ಬರಿ ಹೇಳಿದಿರಿ ಎಂದು ಶ್ರೀಧರ ಹಿಗ್ಗಿದ. ಸಣ್ಣ ಸೂಜಿಯ ಪ್ಲೇಯರು ಸಿಗುತ್ತದೇನು ಎಂದು ಅವಳು ಕೇಳಿದಳು. ಸಿಗುತ್ತದೆ ಎಂದ. ಅವಳ ಮುಖ ಸಣ್ಣದಾಯಿತು.

ಶ್ರೀಧರ ಇನ್ನೊಂದು ವಿಷಯವನ್ನೂ ಹೇಳಿದ. ಇಂಥ ನಿಚ್ಚಳ ಚಿತ್ರದ ಡಿಸ್ಕುಗಳಲ್ಲಿ ಎರಡು ಜಾತಿಯಿದ್ದವು, ಎರಡೂ ಕಂಪನಿಗಳ ಬಳಗ ಕಟ್ಟಿಕೊಂಡು ವರ್ಷಗಟ್ಟಲೆ ಜಗಳಾಡಿದವು, ಹೋದ ವರ್ಷ ಒಂದು ಸೋತು ಅಂಗಡಿ ಮುಚ್ಚಿತು, ಇದು ಗೆದ್ದ ಜಾತಿ ಎಂದ. ಅಷ್ಟೂ ಪಾಠದಲ್ಲಿ ಅಮೀನಪ್ಪನಿಗೆ ಹಿಡಿಸಿದ್ದು ಇದೊಂದೇ. ನಮ್ಮದು ಗೆದ್ದ ಡಿಸ್ಕು ಎಂದು ಸಂಜೆಯೊಳಗೆ ಪೇಟೆಗೆಲ್ಲ ಹೇಳಿ ಬಂದ. ಪ್ಲೇಯರು ಕೊಳ್ಳುವ ಮುನ್ನ ನೋಡಬೇಕಾದ ಸಂಗತಿಗಳನ್ನು ಶ್ರೀಧರ ಹೇಳಲು ಕೂತಾಗ ಮಾವ ಮನೆಯಲ್ಲಿರಲೇ ಇಲ್ಲ.

ಆ ವಾರವೇ ಅಮೀನಪ್ಪ ಬಾಗಲಕೋಟೆಯ ಬಸ್ಸು ಹತ್ತಿದ. ಕಾಲೇಜು ಬಿಡುವ ತನಕ ಕಾಯಿರಿ, ನಾನೂ ಅಂಗಡಿಗೆ ಬರುತ್ತೇನೆ ಎಂದು ಶ್ರೀಧರ ಹೇಳಿದ್ದ. ಆದರೆ ನಾಲ್ಕು ದಶಕ ಕೊಡುಕೊಳ್ಳುವುದರಲ್ಲೇ ಕೂದಲು ಬೆಳ್ಳಗಾದವನಿಗೆ ಒಂದು ಪೆಟ್ಟಿಗೆ ಕೊಳ್ಳಲು ಮೇಷ್ಟರ ಸಹಾಯ ಯಾಕೆ ಬೇಕು? ಒಬ್ಬನೇ ಅಂಗಡಿ ಹೊಕ್ಕ. ಅಂಗಡಿಯವನೂ ಮಾತಿನವನೇ. ಮೊದಲು ನೀರು ಬಂತು, ಆಮೇಲೆ ಚಹಾ, ಆಮೇಲೆ ಮಾತು. ಎದುರಿಗೆ ಕೂತು ಈ ಕ್ರಮವನ್ನು ನೋಡಿದ್ದು ಅಮೀನಪ್ಪನಿಗೆ ಇದೇ ಮೊದಲು. ಆದರೂ ಅದು ತನ್ನದೇ ವಿದ್ಯೆ ಎಂದು ಅವನಿಗೆ ಹೊಳೆಯಲಿಲ್ಲ. ಅಂಗಡಿಯವನು ಒಂದು ಕಪ್ಪು ಪೆಟ್ಟಿಗೆಯನ್ನು ಅಂಗೈಯಿಂದ ಸವರುತ್ತ, ಇದು ನಮ್ಮ ಮನೆಯಲ್ಲಿ ನಾನೇ ಇಟ್ಟುಕೊಂಡಿರುವ ಪ್ಲೇಯರು ಎಂದ. ಅದರ ಹಣೆಯ ಮೇಲೆ ಬಂಗಾರದ ಬಣ್ಣದಲ್ಲಿ ಎಚ್‌ಡಿ ಎಂಬ ಎರಡು ಅಕ್ಷರ ಹೊಳೆಯುತ್ತಿದ್ದವು. ಅಮೀನಪ್ಪ ಕರಗಿದ.

ಶಿರೂರು, ಅಮೀನಗಡ, ಹುನಗುಂದ ದಾಟಿ ಇಳಕಲ್ಲು ಬರುವ ತನಕ ಪೆಟ್ಟಿಗೆಯನ್ನು ತೊಡೆಯಿಂದ ಇಳಿಸಲಿಲ್ಲ. ಓಣಿ ಮತ್ತೆ ಸೇರಿತು. ಹನಮವ್ವ ಮಣೆ ತಂದಳು. ಹೊಸ ಪ್ಲೇಯರು ಗರಗರ ಅನ್ನಲಿಲ್ಲ, ಕೆಮ್ಮಲಿಲ್ಲ. ಬಹಳ ಮರ್ಯಾದೆಯಿಂದ, ಹೆಚ್ಚು ಚೆಂದದ ಅಕ್ಷರಗಳಲ್ಲಿ, ಡಿಸ್ಕಿಲ್ಲ ಎಂದು ಬರೆಯಿತು.

ಆ ಎಚ್‌ಡಿ ಬೇರೆ, ಈ ಎಚ್‌ಡಿ ಬೇರೆ ಎಂದು ಶ್ರೀಧರ ಫೋನಿನಲ್ಲಿ ವಿವರಿಸಿದ. ನೀವು ತಂದದ್ದು ಹಳೆಯ ಡಿವಿಡಿಯ ಚಿತ್ರವನ್ನೇ ಹಿಗ್ಗಿಸಿ ತಿದ್ದಿ ತೋರಿಸುವ ಯಂತ್ರ. ಒರಟು ಜಾಡಿ ಬಟ್ಟೆಗೆ ಇಸ್ತ್ರಿ ಮಾಡಿದ ಹಾಗೆ. ಇಸ್ತ್ರಿ ಮಾಡಿದರೆ ನುಣುಪಾಗುತ್ತದೆ, ರೇಷ್ಮೆ ಆಗುವುದಿಲ್ಲ. ಅದರೊಳಗೆ ನೀಲಿ ಬೆಳಕೇ ಇಲ್ಲ. ಎಚ್‌ಡಿ ಎಂಬ ಅಕ್ಷರ ನೋಡಬೇಡಿ, ಬ್ಲೂ-ರೇ ಎಂಬ ಗುರುತು ಇದೆಯೋ ಇಲ್ಲವೋ ನೋಡಿ. ಮತ್ತೆ ಇನ್ನೊಂದು ಮಾತು ಮಾವ, ಹಾಕಿ ನೋಡದೆ ಕೊಳ್ಳಬೇಡಿ. ಅಮೀನಪ್ಪ ಫೋನಿಟ್ಟ. ಅಂಗಡಿಯವನು ಸುಳ್ಳು ಹೇಳಿದ ಎಂದು ಹೆಂಡತಿಯ ಮುಂದೆ ದೂರಿದ. ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದೇನೆ ಅಂದನಲ್ಲ, ಹೀಗೂ ಹೇಳುವ ಜನ ಇರುತ್ತಾರಾ ಎಂದು ಕೇಳಿದ. ಯಮನವ್ವ ಅವನ ಮುಖ ನೋಡಿದಳು.

ಎರಡನೆಯ ಸಲ ಶ್ರೀಧರ ಜೊತೆಗೇ ಹೋದ. ಅಂಗಡಿಯವನು ಮೊದಲ ಪ್ಲೇಯರನ್ನು ಗೊಣಗುತ್ತ ವಾಪಸು ಪಡೆದು, ಗಾಜಿನ ಕಪಾಟಿನಿಂದ ಇದ್ದೊಂದು ನಿಜವಾದ ಬ್ಲೂ-ರೇ ಪ್ಲೇಯರನ್ನು ಇಳಿಸಿದ. ಊರಿಗೆಲ್ಲ ಅದೊಂದೇ ಇತ್ತಂತೆ, ಯಾರೂ ಕೇಳಿರಲಿಲ್ಲ. ಡಿಸ್ಕು ಹಾಕಿದರು. ನೀಲಿ ಬೆಳಕು ಮಿನುಗಿತು. ಡಿಸ್ಕಿಲ್ಲ ಎಂದು ಬರಲಿಲ್ಲ. ಅಮೀನಪ್ಪ ಎದ್ದುನಿಂತ. ಆಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು. ಶ್ರೀಧರ ಓದಿ ಹಣೆ ಒತ್ತಿಕೊಂಡ. ಈ ಡಿಸ್ಕು ಈ ಪ್ರದೇಶದ್ದಲ್ಲ ಎಂದಿತ್ತು.

ಸಿನಿಮಾ ಕಂಪನಿಗಳು ಈ ಡಿಸ್ಕುಗಳಿಗಾಗಿ ಜಗತ್ತನ್ನು ಮೂರು ಪಾಲು ಮಾಡಿಕೊಂಡಿದ್ದವು. ಎ, ಬಿ, ಸಿ. ಒಂದು ಪಾಲಿನ ಡಿಸ್ಕು ಇನ್ನೊಂದು ಪಾಲಿನ ಪ್ಲೇಯರಿನಲ್ಲಿ ಓಡದಂತೆ ಬೀಗ ಹಾಕುತ್ತಿದ್ದರು. ಎಲ್ಲಾ ಡಿಸ್ಕಿಗೂ ಬೀಗ ಇರುವುದಿಲ್ಲ, ಇದಕ್ಕೆ ಇತ್ತು. ಜರ್ಮನಿ ಬಿ, ನಮ್ಮದು ಸಿ. ಶ್ರೀಧರ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅಂಗಡಿಯವನೂ ಕಲಿಯುತ್ತಿದ್ದವನಂತೆ ಬಾಯಿ ತೆರೆದು ಕೂತಿದ್ದ. ಅಮೀನಪ್ಪನಿಗೆ ಗ್ರಾನೈಟು ಸಾಗಿಸುವ ಲಾರಿಗಳು ನೆನಪಾದವು.

"ಅಂದ್ರ ಪರ್ಮಿಟ್ ಇಲ್ಲಂತೀಯೇನು ಇದಕ್ಕ? ಇಳಕಲ್ಲಿನ ಮಗ್ಗ, ಇಳಕಲ್ಲಿನ ಹೆಂಗಸು, ನನ್ನ ಹೆಂಡ್ತಿ. ಆಕಿ ನಮ್ಮನಿಗೆ ಬರಾಕ ಪರ್ಮಿಟ್ ಬೇಕಾ?"

ಅಳಿಯ ಡಿಸ್ಕು ತೆಗೆದು ಡಬ್ಬಿಗೆ ಹಾಕಿದ.

ಇತ್ತ ಯಮನವ್ವ, ಪ್ಲೇಯರು ಸಿಗದಿದ್ದರೆ ಗುಡಿಯ ಹನಮಪ್ಪ ದೇವರಿಗೆ ಕಾಯಿ ಒಡೆಸುತ್ತೇನೆ ಎಂದು ಬೇಡಿಕೊಂಡಿದ್ದಳು. ಗಂಡ ಬರಿಗೈಯಲ್ಲಿ ಬಂದ ಸಂಜೆಯೇ ಹೋಗಿ ಒಡೆಸಿ ಬಂದಳು. ಆದರೂ ಭಯ ಹೋಗಲಿಲ್ಲ. ಅವನು ಸುಮ್ಮನೆ ಬಿಡುವ ಪೈಕಿ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಒಂದು ದಿನ ಮಧ್ಯಾಹ್ನ ಅವನು ಪೇಟೆಗೆ ಹೋದಾಗ ಡಿಸ್ಕನ್ನು ಪಾತ್ರೆ ತೊಳೆಯುವ ಕಟ್ಟೆಗೆ ಒಯ್ದು ತೆಂಗಿನ ನಾರಿನಿಂದ ತಿಕ್ಕಿದಳು. ನಾಲ್ಕು ಸಲ ತಿಕ್ಕಿದ ಮೇಲೆ ಕೈ ನಿಲ್ಲಿಸಿದಳು. ತನ್ನ ಮುಖವನ್ನೇ ತಾನು ತಿಕ್ಕಿ ಅಳಿಸುತ್ತಿದ್ದೇನೆ ಅನ್ನಿಸಿತು. ಬೇಗ ಬೇಗ ಸೆರಗಿನಿಂದ ಒರೆಸಿ ಬಿಸಿಲಿಗೆ ಹಿಡಿದು ನೋಡಿದಳು. ಒಂದು ಗೆರೆಯೂ ಬಿದ್ದಿರಲಿಲ್ಲ. ಮೊದಲಿಗಿಂತ ಚೊಕ್ಕಟವಾಗಿತ್ತು. ಮುಂದೆ ಶ್ರೀಧರ ಬಂದಾಗ, ಈ ಡಿಸ್ಕಿನ ಮೇಲೆ ಗಟ್ಟಿ ಲೇಪ ಇರುತ್ತದೆ, ಸುಲಭಕ್ಕೆ ಗೀರು ಬೀಳುವುದಿಲ್ಲ ಎಂದು ತಾನಾಗಿಯೇ ಹೊಗಳಿದ. ಹೌದೌದು ಎಂದು ಯಮನವ್ವ ಥಟ್ಟನೆ ಹೇಳಿಬಿಟ್ಟು, ಆಮೇಲೆ ಸಾರು ಉಕ್ಕುತ್ತಿದೆ ಎಂದು ಒಳಗೆ ಹೋದಳು.

ಅದೇ ಭೇಟಿಯಲ್ಲಿ ಶ್ರೀಧರ ಇನ್ನೊಂದು ಮಾತು ಆಡಿದ. ಬಿ ಪಾಲಿನಲ್ಲಿ ಜರ್ಮನಿ ಒಂದೇ ಇಲ್ಲ, ಯುರೋಪೆಲ್ಲ ಇದೆ, ಆಫ್ರಿಕಾ ಇದೆ, ದುಬೈ ಇದೆ. ದುಬೈ ಎಂಬುದು ಕಿವಿಗೆ ಬಿದ್ದದ್ದೇ ಅಮೀನಪ್ಪ ಚಪ್ಪಲಿ ಮೆಟ್ಟಿಕೊಂಡ. ಗುಲಾಬಬಿಯ ಮಗ ರಾಜಮಹ್ಮದ ದುಬೈಯಲ್ಲಿ ಎಸಿ ರಿಪೇರಿಯ ಕೆಲಸದಲ್ಲಿದ್ದ. ರಂಜಾನ್ ಹಬ್ಬಕ್ಕೆ ಊರಿಗೆ ಬರುವವನಿದ್ದ.

ಗುಲಾಬಬಿ ಸಂದಿಯಲ್ಲಿ ಸಿಕ್ಕಿಬಿದ್ದಳು. ಒಂದು ಕಡೆ ಗೆಳತಿಯ ಮಾನ, ಇನ್ನೊಂದು ಕಡೆ ತನ್ನ ಬಾಗಿಲಿಗೆ ಬಂದು ಕೈಮುಗಿದು ನಿಂತ ಅಮೀನಪ್ಪ. ಹೂಂ ಅಂದುಬಿಟ್ಟಳು. ಮರುದಿನ ಕಂಡಿಕೆ ಸುತ್ತುವಾಗ ಯಮನವ್ವ ಗೋಗರೆದಳು. ತರಬೇಡ ಎಂದು ಮಗನಿಗೆ ಹೇಳು, ವಿಮಾನದಲ್ಲಿ ಬಿಡುವುದಿಲ್ಲ ಎಂದು ಹೇಳಿಸು, ಏನಾದರೂ ಮಾಡು ಎಂದಳು.

"ಅಂವ ಆಗಲೇ ತೊಗೊಂಡಾನವಾ. ಅದಕ್ಕ ಹೊಂದೂ ವಾಯರು ಸೈತ ತೊಗೊಂಡಾನ" ಎಂದಳು ಗುಲಾಬಬಿ. "ನೀ ಒಂದ್ ಕೆಲಸ ಮಾಡು. ಮೊದಲ ಹೇಳಿಬಿಡು ಅವರಿಗೆ. ಹಿಂಗ್ ಹಿಂಗ ಅಂದೇನಿ ಅಂತ."

ಹೇಳಬೇಕೆಂದು ಯಮನವ್ವ ಎಷ್ಟೋ ಸಲ ಊಟದ ಹೊತ್ತಿಗೆ ಬಾಯಿ ತೆರೆದಳು. ಅಷ್ಟರಲ್ಲಿ ಅವನು ಪ್ಲೇಯರಿನ ಮಾತು ತೆಗೆಯುತ್ತಿದ್ದ. ಅವಳ ಮಾತು ರೊಟ್ಟಿಯ ಜೊತೆ ಒಳಗೆ ಹೋಗುತ್ತಿತ್ತು.

ರಾಜಮಹ್ಮದ ಬಂದ. ಹಬ್ಬದ ಮಾರನೆಯ ದಿನ, ಕರೆಂಟು ಇರುವ ಹೊತ್ತು ನೋಡಿ, ಮೂರನೆಯ ಬಾರಿ ಓಣಿ ಸೇರಿತು. ಈ ಸಲ ಜನ ಕಡಿಮೆ. ಹನಮವ್ವ ಮಾತ್ರ ಮಣೆ ಸಮೇತ ಹಾಜರು. ದುಬೈಯ ಪ್ಲಗ್ಗಿಗೆ ನಮ್ಮ ಗೋಡೆಯ ತೂತು ಹೊಂದಲಿಲ್ಲ. ಅದಕ್ಕೂ ಒಂದು ತುಂಡನ್ನು ರಾಜಮಹ್ಮದ ಜೇಬಿನಲ್ಲಿ ತಂದಿದ್ದ. ಶ್ರೀಧರ ತಂತಿ ಜೋಡಿಸಿ ಡಿಸ್ಕು ಹಾಕಿದ.

ಟೀವಿಯ ತುಂಬ ಯಮನವ್ವನ ಕೈ ಮೂಡಿತು.

ಬೆರಳಿನ ಗೆರೆಗಳು, ಉಗುರಿನ ಸಂದಿಯ ಬಣ್ಣ, ಎಳೆಯ ಮೇಲೆ ಎದ್ದ ನೂಲಿನ ನವಿರು, ಎಲ್ಲ ಹತ್ತಿರ ಹೋಗಿ ಮುಟ್ಟಬಹುದು ಅನ್ನುವಷ್ಟು ನಿಚ್ಚಳ. ಅಮೀನಪ್ಪ ಆ ಕೈಯನ್ನು ದಿನಾ ನೋಡುತ್ತಿದ್ದವನೇ. ಆದರೂ ಯಾವುದೋ ಊರಿನ ಹೊಸ ವಸ್ತು ಕಂಡವನಂತೆ ನೋಡಿದ. ಹೆಂಗಸರು ತೊಲೆಯ ಮೂಲೆಯ ಜೇಡರ ಬಲೆಯನ್ನೂ ಕಂಡುಹಿಡಿದರು. ಯಮನವ್ವನಿಗೆ ನಾಚಿಕೆಯಾಯಿತು. ಸ್ವಲ್ಪ ಹೊತ್ತಿಗೆ ಅಮೀನಪ್ಪ ಬಂದ, ಸೊಂಟಕ್ಕೆ ಶಾಲು ಬಿಗಿದುಕೊಂಡು, ರುಮಾಲು ಸುತ್ತಿಕೊಂಡು. ಎಲ್ಲರೂ ನಕ್ಕರು, ಅವನೂ ನಕ್ಕ. ಇನ್ನೊಂದು ದೃಶ್ಯದಲ್ಲಿ ಮುಂದುಗಡೆ ಯಮನವ್ವ ನೇಯುತ್ತಿದ್ದಳು. ಹಿಂದಿನ ಬಾಗಿಲಾಚೆ, ಬಹಳ ದೂರದಲ್ಲಿ, ಅದೇ ಶಾಲಿನ ಸೊಂಟದ ಮನುಷ್ಯ ಜೋಳದ ಚೀಲವೊಂದನ್ನು ಹೆಗಲಿಗೇರಿಸಿಕೊಂಡು ಹೋದ. ಹಳೆಯ ಪ್ಲೇಯರಾಗಿದ್ದರೆ ಅದು ಯಾರೆಂದು ತಿಳಿಯುತ್ತಿರಲಿಲ್ಲ. ಸೊಂಟ ಆರಾಮಾಗಿತ್ತಲ್ಲೊ ಅಮೀನಪ್ಪ ಎಂದಳು ಹನಮವ್ವ.

ಯಮನವ್ವ ಮಾತಾಡುವ ಭಾಗ ಬಂತು. ಅವಳು ಗುಲಾಬಬಿಯ ಕೈ ಹಿಡಿದುಕೊಂಡಳು. ಪರದೆಯ ಮೇಲೆ ಅವಳ ತುಟಿಗಳು ಆಡತೊಡಗಿದವು. ಕೇಳಿಸಿದ್ದು ಮಾತ್ರ ಜರ್ಮನ್. ಯಾವಳೋ ಗಂಭೀರ ದನಿಯ ಹೆಂಗಸು ಅವಳ ಮಾತಿನ ಮೇಲೆ ಮಾತಾಡುತ್ತಿದ್ದಳು. ಅಡಿಯಲ್ಲೆಲ್ಲೋ ಯಮನವ್ವನ ದನಿ ನೀರಿನಲ್ಲಿ ಮುಳುಗಿದವರ ದನಿಯಂತೆ ಗುಳುಗುಳು ಅನ್ನುತ್ತಿತ್ತು. ಒಂದಕ್ಷರ ತಿಳಿಯಲಿಲ್ಲ. ಯಮನವ್ವ ದೀರ್ಘವಾಗಿ ಉಸಿರು ಬಿಟ್ಟಳು. ಇಷ್ಟು ದಿನ ಅಂಜಿದ್ದು ಸುಮ್ಮನೆ ಎಂದುಕೊಂಡು ಚಹಾಕ್ಕಿಡಲು ಎದ್ದಳು.

ಆಗ ಶ್ರೀಧರನಿಗೆ ಇನ್ನೊಂದು ಪಾಠ ನೆನಪಾಯಿತು. ಈ ಡಿಸ್ಕಿನಲ್ಲಿ ಜಾಗ ಬಹಳ, ಒಂದೇ ಚಿತ್ರಕ್ಕೆ ನಾಲ್ಕಾರು ಧ್ವನಿ ಇಡಬಹುದು, ಮೇಲೆ ಹಾಕಿದ ದನಿಯನ್ನು ತೆಗೆದು ಬರೀ ಮೂಲದ್ದನ್ನೇ ಕೇಳಿಸಬಹುದು ಎಂದ.

"ಬ್ಯಾಡ ಬಿಡಪಾ. ಇದ ಚೊಲೊ ಐತಿ" ಎಂದಳು ಯಮನವ್ವ ಬಾಗಿಲಿನಿಂದ. "ಅವರ ಭಾಷಾ ಎಷ್ಟ್ ಛಂದ ಐತಿ. ಹಂಗ ಇರಲಿ."

ಅತ್ತೆಗೆ ಸಂಕೋಚ ಎಂದುಕೊಂಡ ಶ್ರೀಧರ. ರಿಮೋಟಿನ ಗುಂಡಿ ಒತ್ತಿದ, ಸ್ವಲ್ಪ ಹಿಂದಕ್ಕೆ ಹೋದ. ಜರ್ಮನ್ ಹೆಂಗಸು ಮಾಯವಾದಳು. ಕೋಣೆಯ ತುಂಬ ಯಮನವ್ವನ ದನಿ ಕೇಳಿಸಿತು.

"ಅವ್ರಿಗೆ ಮಗ್ಗ ಬರಂಗಿಲ್ರಿ. ಲಗ್ನ ಆದ ಹೊಸದಾಗ ನಮ್ಮ ಮಾವ ಒಮ್ಮೆ ಕುಂಡ್ರಿಸಿದ್ರು. ಸಿಟ್ಟೀಲೆ ಎಳಿ ಜಗ್ಗಿ ಜಗ್ಗಿ ನೇಯ್ದು, ಸೀರಿ ಒಂದ್ ಕಡಿ ಅಗಲ, ಇನ್ನೊಂದ್ ಕಡಿ ನಾಕ್ ಬಟ್ಟು ಸಣ್ಣ ಆತು. ನಮ್ಮ ಮಾವ ತಲಿ ಮ್ಯಾಲೆ ಕೈ ಹೊತ್ತು ಕುಂತ್ರು. ಇವ್ರು ಅದನ್ನ ಒಯ್ದು ಮಾರಿ ಬಂದ್ರು ನೋಡ್ರಿ. ಇದು ಹೊಸಾ ನಮೂನಿ, ನಿರಗಿ ಕಡೆ ಅಗಲ, ಹೆಗಲ ಮ್ಯಾಲೆ ಹಗುರ ಅಂತ ಹೇಳಿ. ಆವತ್ತ ನಮ್ಮ ಮಾವ ಅಂದ್ರು, ನೀ ಇನ್ನ ಮಗ್ಗ ಮುಟ್ಟಬ್ಯಾಡ, ಅಂಗಡ್ಯಾಗ ಕುಂಡ್ರು, ಇಂಥಾದ್ ಮಾರಾಂವ ಯಾವುದ್ ಬೇಕಾದ್ರೂ ಮಾರ್ತಾನ ಅಂತ."

ಪರದೆಯ ಮೇಲಿನ ಯಮನವ್ವ ನಗುತ್ತಿದ್ದಳು. ಬಾಗಿಲಲ್ಲಿದ್ದ ಯಮನವ್ವ ಕಣ್ಣು ಮುಚ್ಚಿಕೊಂಡಿದ್ದಳು. ಅಮೀನಪ್ಪ ತನ್ನ ಮೊಣಕಾಲು ನೋಡುತ್ತ ಕೂತಿದ್ದ. ಅಷ್ಟರಲ್ಲಿ ಹನಮವ್ವ ಮಣೆಯಿಂದ ನಿಧಾನಕ್ಕೆ ಎದ್ದಳು.

"ಏ ಅಮೀನಪ್ಪ. ಅದು ಹಸರ ಸೀರಿ, ಕೆಂಪ ಸೆರಗ, ಹೌದಿಲ್ಲೊ?"

ಅಮೀನಪ್ಪ ತಲೆ ಎತ್ತಲಿಲ್ಲ.

"ಅದನ್ನ ನಾ ತೊಗೊಂಡಿದ್ದೆ. ನಮ್ಮ ತಮ್ಮನ ಲಗ್ನಕ್ಕ. ಎಷ್ಟ್ ಸಲ ಉಟ್ರೂ ಒಂದ್ ಕಡಿ ಎತ್ತಿ ನಿಲ್ತಿತ್ತು. ನನ್ನ ಮೈಯಾಗ ಏನೋ ಸೊಟ್ಟ ಐತಿ ಅಂತ ತಿಳಕೊಂಡು ನಾ ಗುಡೂರಿಗೆ ಹೋಗಿ ಸೊಂಟಾ ತಿಕ್ಕಿಸಿಕೊಂಡು ಬಂದೇನೊ. ಒಮ್ಮೆ ಅಲ್ಲ."

ಮೊದಲು ನಕ್ಕವಳು ಗುಲಾಬಬಿ. ಬಾಯಿಗೆ ತುರುಕಿದ ಸೆರಗು ಈ ಸಲ ಸಾಲಲಿಲ್ಲ. ಆಮೇಲೆ ಸುಮಾ, ಆಮೇಲೆ ರಾಜಮಹ್ಮದ, ಆಮೇಲೆ ಇಡೀ ಕೋಣೆ. ಹನಮವ್ವ ಸಿಟ್ಟಿನಲ್ಲೇ ಇರಬೇಕೆಂದು ಬಹಳ ಪ್ರಯತ್ನಪಟ್ಟಳು. ಅವಳ ಹೊಟ್ಟೆ ಅಲುಗತೊಡಗಿತು, ಕಡೆಗೆ ಅವಳೂ ಗೋಡೆ ಹಿಡಿದು ನಕ್ಕಳು. ನಗದೆ ಉಳಿದವರು ಇಬ್ಬರೇ. ಅಮೀನಪ್ಪ ಎದ್ದು ಅಂಗಡಿಯ ಕೋಣೆಗೆ ಹೋದ. ಒಂದು ಹಸಿರು ಸೀರೆ ತಂದ. ಹನಮವ್ವನ ಮುಂದೆ ಅದನ್ನು ಬಿಚ್ಚಿ, ಆ ತುದಿ ಈ ತುದಿ ಒಂದರ ಮೇಲೊಂದು ಇಟ್ಟು ಅಗಲ ಸಮ ಇರುವುದನ್ನು ತೋರಿಸಿ, ಅವಳ ಮಡಿಲಿಗೆ ಹಾಕಿದ. ಇದನ್ನು ಯಾರು ನೇಯ್ದದ್ದು ಎಂದು ಅವಳು ಕೇಳಿದಳು. ಅವನು ಹೆಂಡತಿಯ ಕಡೆ ಕೈ ತೋರಿಸಿ ಹೊರಗೆ ಹೋದ.

ಸಂಜೆ ಕಳೆದು ಊಟಕ್ಕೆ ಕೂತಾಗಲೂ ಅವನು ಮಾತಾಡಲಿಲ್ಲ. ಅವನು ಸುಮ್ಮನಿದ್ದರೆ ಮನೆ ಬೇರೆಯವರ ಮನೆಯಂತೆ ಕಂಡಿತು ಯಮನವ್ವನಿಗೆ. ಎರಡನೆಯ ರೊಟ್ಟಿ ಬಡಿಸುವಾಗ ಅವನು ಬಾಯಿ ಬಿಟ್ಟ. ಹೀಗೆ ಹೇಳಿದ್ದೇನೆ ಎಂದು ಮೊದಲೇ ಹೇಳಿದ್ದರೆ ನಾನು ಬಾಗಲಕೋಟೆಗೆ, ದುಬೈಗೆ ಅಂತ ತಿರುಗುತ್ತಿದ್ದೆನೇ ಎಂದ.

"ಪ್ಲೇಯರ ಬಗ್ಗೆ ಊರ ಮಂದೀನೆಲ್ಲ ಕೇಳಿದ್ರಿ" ಎಂದಳು ಯಮನವ್ವ. "ಅದರಾಗ ನಾ ಏನ್ ಹೇಳೇನಿ ಅಂತ ನನ್ನ ಒಂದ್ ಸಲಾನೂ ಕೇಳಲಿಲ್ಲ."

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅದು ನಿಜವೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಜರ್ಮನಿಯವರು ಆ ಮಾತಿಗೆ ನಕ್ಕರೇನು ಎಂದು ಕೇಳಿದ. ಉಲ್ಲವ್ವ ನೆಲಕ್ಕೆ ಬಿದ್ದು ನಕ್ಕಳು ಎಂದಳು ಅವಳು. ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಎರಡು ದಿನ ಅಂಗಡಿಯ ಬಾಗಿಲು ಅರ್ಧವೇ ತೆರೆದಿತ್ತು. ಮೂರನೆಯ ದಿನ ಕೆರೂರಿನಿಂದ ಒಬ್ಬ ಟೀಚರಮ್ಮ ತಂಗಿಯ ಮದುವೆಗೆ ಸೀರೆ ನೋಡಲು ಬಂದಳು. ನೀರು ಬಂತು, ಚಹಾ ಬಂತು. ಅಮೀನಪ್ಪ ಒಂದು ಸೀರೆಯನ್ನು ಮೊಣಕಾಲ ಮೇಲೆ ಹರವಿದ, "ಇದು" ಎಂದ, ಅಲ್ಲಿಗೆ ನಿಂತ. ಒಳಗೆ ತಿರುಗಿ ಹೆಂಡತಿಯನ್ನು ಕರೆದ. ಯಮನವ್ವ ತಲೆಗೂದಲಲ್ಲಿ ಹತ್ತಿಯ ನವಿರು ಹಾಗೇ ಇಟ್ಟುಕೊಂಡು ಬಂದು ಗಾದಿಯ ತುದಿಗೆ ಕೂತಳು. ಅಂಗಡಿಯ ಗಾದಿಯ ಮೇಲೆ ಅವಳು ಕೂತದ್ದು ಅದೇ ಮೊದಲು.

ಬಣ್ಣ ಬಿಡುತ್ತದೇನು ಎಂದು ಟೀಚರಮ್ಮ ಕೇಳಿದಳು. ಈ ಪ್ರಶ್ನೆಗೆ ಅಮೀನಪ್ಪನ ಹತ್ತಿರ ಹಳೆಯದೊಂದು ಉತ್ತರ ಇತ್ತು, ನಿಮ್ಮ ಮೊಮ್ಮಗಳು ಉಟ್ಟರೂ ಬಿಡುವುದಿಲ್ಲ ಎಂಬುದು. ಅದು ತುಟಿಯ ತನಕ ಬಂದಿತ್ತು. ಅಷ್ಟರಲ್ಲಿ ಯಮನವ್ವ, ಬಿಡುತ್ತದೆ ಎಂದಳು. ಮೊದಲ ಸಲ ಕೆಂಪು ಸ್ವಲ್ಪ ಬಿಡುತ್ತದೆ, ಉಪ್ಪು ನೀರಿನಲ್ಲಿ ನೆನೆಸಿ, ಬಿಳಿ ಬಟ್ಟೆಯ ಜೊತೆ ಹಾಕಬೇಡಿ, ಎರಡು ತೊಳೆತ ಆದ ಮೇಲೆ ನಿಲ್ಲುತ್ತದೆ ಎಂದಳು. ಅಮೀನಪ್ಪ ಕಣ್ಣು ಮುಚ್ಚಿಕೊಂಡ. ವ್ಯಾಪಾರ ಮುಗಿಯಿತು ಎಂದೇ ತಿಳಿದ.

ಟೀಚರಮ್ಮ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಯಮನವ್ವನ ಕೈ ನೋಡಿದಳು. ಇದೊಂದು ಇರಲಿ, ಇದೇ ಕೆಂಪಿನದು ನನಗೂ ಒಂದು ಕೊಡಿ ಎಂದಳು. ಅಮೀನಪ್ಪ ಎರಡನ್ನೂ ಮಡಿಸಿ ಕಾಗದದಲ್ಲಿ ಸುತ್ತಿದ. ದಾರ ಕಟ್ಟುವಾಗ ಅವನ ನಾಲಿಗೆ ಬಹಳ ತುರಿಸುತ್ತಿತ್ತು. ತಡೆಯಲಾಗದೆ, ಕೆರೂರಿನಲ್ಲಿ ಈ ಸಲ ಶೇಂಗಾ ಹೆಂಗೈತ್ರಿ ಎಂದು ಶುರು ಮಾಡಿದ. ಯಮನವ್ವ ಎದ್ದು ಮಗ್ಗಕ್ಕೆ ಹೋದಳು.